ಪಂಡಿತನ ಎರಡು ತಂತಿ

ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತ ಮೇಲೆ ಪಂಡಿತನ ಜ್ಞಾನ ಇನ್ನಷ್ಟು ಹೆಚ್ಚಿತ್ತು. ಪಂಡಿತ ಎಂಬುದು ನೆರೆಹೊರೆಯವರು ಇಟ್ಟ ಅಡ್ಡಹೆಸರು. ಅದರಲ್ಲಿದ್ದ ಕುಹಕ ಕಟ್ಟಡದಲ್ಲಿ ಅವನೊಬ್ಬನಿಗೇ ಗೊತ್ತಿರಲಿಲ್ಲ. ಮೇಲಿನ ಮನೆಯ ಮೇಡಂ ತಮ್ಮ ಕಂಪನಿಯ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸಕ್ಕೆ ಅಂದು ಸಂಜೆ ಸಂದರ್ಶನಕ್ಕೆ ಕರೆದಿದ್ದರು. ಇದೂ ಕೈತಪ್ಪಿದರೆ ತವರಿಗೆ ಹೊರಡುವುದಾಗಿ ಹೆಂಡತಿ ಖಡಾಖಂಡಿತವಾಗಿ ಹೇಳಿದ್ದಳು.

ಅಭ್ಯಾಸ ಮಾಡಿಕೊಳ್ಳೋಣವೆಂದು ಬೆಳಿಗ್ಗೆಯೇ ಅಟ್ಟದ ಹಳೆಯ ಕಂಪ್ಯೂಟರನ್ನು ಇಳಿಸಿ, ಬೇರೆ ಕಂಪ್ಯೂಟರುಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ಸರ್ವರ್ ಮಾಡಿದ. ಅದರ ಒಂದು ತಂತಿ ಅವನ ಲ್ಯಾಪ್‌ಟಾಪಿಗೆ, ಇನ್ನೊಂದು ಇಡೀ ಕಟ್ಟಡಕ್ಕೆ ಇಂಟರ್ನೆಟ್ ತರುವ ಲೈನಿಗೆ. ಹಂಚುವುದು ಮೊದಲ ತಂತಿಯಲ್ಲಿ ಮಾತ್ರ ಎಂದು ಸರ್ವರಿಗೆ ತಾಕೀತು ಮಾಡಬೇಕಿತ್ತು. ನೆಟ್‌ವರ್ಕಿಗೆ ತನ್ನದೇ ಅಡ್ಡಹೆಸರಿಡುವ ಸಂಭ್ರಮದಲ್ಲಿ ಪಂಡಿತ ಅದನ್ನು ಮರೆತ. ಸರ್ವರ್ ದಾನಶೂರ ಕರ್ಣನಂತೆ ಮನೆಮನೆಗೂ ತಪ್ಪು ವಿಳಾಸ ಹಂಚಿತು.

ಸ್ವಲ್ಪ ಹೊತ್ತಿಗೆಲ್ಲ ಇಂಟರ್ನೆಟ್ ಸತ್ತು, ಸಂಗೀತದ ಟೀಚರಮ್ಮನ ಪಾಠ ಅರ್ಧ ಆಲಾಪದಲ್ಲಿ ನಿಂತಿತು. ಎಲ್ಲರೂ ಪಂಡಿತನ ಬಾಗಿಲಿಗೆ ಬಂದರು.

"ಯಾರೋ ಅರೆಬರೆ ತಿಳಿದೋರ ಕೆಲಸ ಇದು," ಎಂದ ಪಂಡಿತ. "ಸಿಕ್ಕಲಿ, ಅವರ ಲೈನೇ ಕತ್ತರಿಸಿ ಬಿಸಾಕೋಣ."

ನ್ಯಾಯವಾದ ಮಾತೆಂದು ಎಲ್ಲರೂ ಒಪ್ಪಿದರು. ಪಂಡಿತ ಗತ್ತಿನಿಂದ ಟೀಚರಮ್ಮನ ಕಂಪ್ಯೂಟರ್ ತೆರೆದು ನೋಡಿದ. ಅದರೊಳಗೆ ಕೂತಿದ್ದದ್ದು ಬೆಳಿಗ್ಗೆ ಅವನೇ ಬರೆದ ವಿಳಾಸ. ನಿಜ ಹೇಳಿದರೆ ಮೇಲಿನ ಮೇಡಂ ಕಿವಿಗೂ ಬೀಳುತ್ತದೆ. ಆಗಲೇ ಎದುರುಮನೆಯ ನಿವೃತ್ತ ಮೇಷ್ಟ್ರು ತಂದ ಹೊಸ ಪ್ರಿಂಟರ್ ಕಣ್ಣಿಗೆ ಬಿತ್ತು. ಎಲ್ಲಾ ಆ ಪ್ರಿಂಟರಿನದೇ ಕಿತಾಪತಿ ಎಂದುಬಿಟ್ಟ; ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತು. ಪಾಪ, ಮೇಷ್ಟ್ರು ಎಲ್ಲರ ಕ್ಷಮೆ ಕೇಳಿ, ಪ್ರಿಂಟರನ್ನು ಎದೆಗವಚಿಕೊಂಡು ಅಂಗಡಿಗೆ ವಾಪಸ್ ಕೊಡಲು ಹೊರಟರು.

ಪಂಡಿತ ಅವರಿಗೆ ಬಾಗಿಲು ಹಿಡಿದು ಕಳಿಸಿ, ಮನೆಗೆ ಓಡಿ, ಕದ ಹಾಕಿಕೊಂಡು, ಸರ್ವರನ್ನು ಒಂದೇ ತಂತಿಗೆ ಕಟ್ಟಿಹಾಕಿದ. ಹೊರಗೆ ಬಂದು ಎಲ್ಲರಿಗೂ ಕಂಪ್ಯೂಟರ್ ಆರಿಸಿ ಹಚ್ಚಲು ಹೇಳಿದ. ಇಂಟರ್ನೆಟ್ ಬಂತು, ಹೊಗಳಿಕೆಯೂ ಬಂತು. ಟೀಚರಮ್ಮ ಅವನಿಗೆ ಶಾಲು ಹೊದಿಸುವುದೊಂದು ಬಾಕಿಯಿತ್ತು.

ಸಂಜೆ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: ಸರ್ವರಿಗೆ ಎರಡು ತಂತಿಯಿದ್ದು, ಒಂದರಲ್ಲಿ ಮಾತ್ರ ವಿಳಾಸ ಹಂಚಬೇಕಾದರೆ ಏನು ಮಾಡಬೇಕು? ಪಂಡಿತ ನೀರು ಕುಡಿದಷ್ಟು ಸಲೀಸಾಗಿ ಉತ್ತರ ಹೇಳಿ ಮುಗಿಸಿದ.

"ಪೂರ್ತಿ ಸರಿ," ಎನ್ನುತ್ತ ಮೇಡಂ ತಮ್ಮ ಕಂಪ್ಯೂಟರನ್ನು ಅವನತ್ತ ತಿರುಗಿಸಿದರು. ಬೆಳಿಗ್ಗೆ ವಿಳಾಸದ ಜೊತೆ ಬಂದಿದ್ದ ನೆಟ್‌ವರ್ಕಿನ ಹೆಸರು ಅಲ್ಲಿತ್ತು: ಪಂಡಿತ.

"ತಪ್ಪು ನಾನೂ ಮಾಡ್ತೀನಿ, ಅದಕ್ಕೆಲ್ಲ ಕೆಲಸ ಇಲ್ಲ ಅನ್ನಲ್ಲ. ಆದ್ರೆ ಮೇಷ್ಟ್ರು ಆ ಭಾರ ಹೊತ್ಕೊಂಡು ಮೆಟ್ಲಿಳಿಯೋವಾಗ ನೀವು ಅವರಿಗೆ ಬಾಗಿಲು ಹಿಡ್ಕೊಂಡು ನಿಂತಿದ್ರಿ. ಅದನ್ನೂ ನೋಡ್ದೆ. ನೀವಿನ್ನು ಹೊರಡಿ."

ಪಂಡಿತ ತಲೆ ತಗ್ಗಿಸಿ ಇಳಿದು ಬಂದ. ಅವನಿಗಿಂತ ಮೊದಲೇ ಮೇಡಂ ಫೋನಿನಲ್ಲಿ ಸುದ್ದಿ ಇಳಿಸಿಯಾಗಿತ್ತು. ಅವನ ಮನೆಯೊಳಗೆ ಅರ್ಧ ಕಟ್ಟಡವೇ ನೆರೆದಿತ್ತು. ಕಂಪ್ಯೂಟರಿನ ಹಿಂದೆ ಮೇಷ್ಟ್ರು ಕತ್ತರಿ ಹಿಡಿದು ಬಗ್ಗಿದ್ದರು. ಹೊರಡಲು ಚೀಲ ಕಟ್ಟಿಟ್ಟಿದ್ದ ಹೆಂಡತಿ ಅವರಿಗೆ ಟಾರ್ಚ್ ಬಿಡುತ್ತಿದ್ದಳು.

"ಬಾಪ್ಪ," ಎಂದರು ಮೇಷ್ಟ್ರು. "ಎರಡು ತಂತಿ ಇದೆ. ಯಾವುದನ್ನ ಕತ್ತರಿಸ್ಬೇಕು ಅಂತ ನೀನೇ ತೋರ್ಸು. ನಮ್ದೆಲ್ಲ ಅರೆಬರೆ ತಿಳುವಳಿಕೆ."