ಬೆಳ್ಳಿಗೆರೆ ಮೀನಿನ ರಿಪೇರಿ

ಹೆಂಡತಿ: ರೀ, ಅದು ಮೀನು ಕಣ್ರೀ! ವಾಚಲ್ಲ!

ಗಂಡ: ಶ್! ಮೇಜು ಅಲ್ಲಾಡಿಸಬೇಡ. ಬೆನ್ನುಮೂಳೆ ಎತ್ತುತಾ ಇದೀನಿ.

ಹೆಂಡತಿ: ನಾನೆಲ್ಲಿ ಅಲ್ಲಾಡಿಸಿದೆ? ಬರೀ ಮಾತಾಡಿದೆ.

ಗಂಡ: ನೀನು ಮಾತಾಡಿದ್ರೇ ಅಲ್ಲಾಡುತ್ತೆ.

(ಇದು ಅಡುಗೆಮನೆ. ಕೂತಿರುವವನು ವಾಚು ರಿಪೇರಿ ಮಾಡುವವನು. ಇವತ್ತು ಅಂಗಡಿಗೆ ರಜೆ. ಆದರೆ ರಜೆ ಅಂಗಡಿಗೆ ಮಾತ್ರ, ಅವನ ಕೈಗಳಿಗೆ ಅದನ್ನು ಯಾರೂ ಹೇಳಿದಂತಿಲ್ಲ. ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಇನ್ನೊಂದು ಕಣ್ಣು ಮುಚ್ಚಿ, ಚಿಮುಟ ಹಿಡಿದು ಕೂತಿದ್ದಾನೆ. ಪಕ್ಕದ ಬೇಸನ್ನಿನ ತುಂಬ ಬೆರಳುದ್ದದ ಮೀನುಗಳು. ಮೈ ಎಷ್ಟು ತೆಳುವೆಂದರೆ ಬೆಳಕಿಗೆ ಹಿಡಿದರೆ ಆಚೆಗಿನದು ಕಾಣಬೇಕು. ಕಿವಿರಿನಿಂದ ಬಾಲದವರೆಗೆ ಪಕ್ಕದಲ್ಲಿ ಒಂದು ಬೆಳ್ಳಿಯ ಗೆರೆ. ಮೀನು ಮಾರುವವಳು ಬೆಳ್ಳಿಗೆರೆ ಮೀನು ಎನ್ನುತ್ತಾಳೆ. ದಡದ ಹತ್ತಿರದ ಉಪ್ಪುನೀರಿನಲ್ಲೂ ಸಿಗುತ್ತದೆ, ಸಿಹಿನೀರಿನಲ್ಲೂ ಸಿಗುತ್ತದೆ. ಇಡೀ ಜಗತ್ತು ಅದನ್ನು ತಲೆ, ಬಾಲ, ಮುಳ್ಳು ಸಮೇತ ಹುರಿದು ತಿನ್ನುತ್ತದೆ. ಈ ಪುಣ್ಯಾತ್ಮನೊಬ್ಬ ಬೇರೆ.

ಕಾರಣವೂ ಇದೆ. ಹೋದ ವರ್ಷ ಇದೇ ಮನೆಯಲ್ಲಿ, ಇದೇ ಮೀನು ತಿನ್ನುವಾಗ ಅವನ ಅತ್ತೆಯ ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡಿತು. ಅಂದಿನಿಂದ ಅತ್ತೆ ಮಗಳ ಮನೆಯಲ್ಲಿ ಒಂದು ತುತ್ತು ಮುಟ್ಟಿಲ್ಲ. ಬಂದರೂ ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಾರೆ. ಮಗಳು ಅತ್ತೂ ಕರೆದೂ ಮಾಡಿದ ಮೇಲೆ ಈಗ ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ. "ಅದೇ ಮೀನು ಮಾಡಿ, ನೋಡೋಣ. ಇನ್ನೊಂದು ಸಲ ಸಿಕ್ಕಿಕೊಳ್ತೋ, ನಿಮ್ಮ ಹೊಸ್ತಿಲು ತುಳಿಯಲ್ಲ." ಇವತ್ತು ಮಧ್ಯಾಹ್ನ ಊಟಕ್ಕೆ ಬರುತ್ತಿದ್ದಾರೆ.)

ಹೆಂಡತಿ: ಅಮ್ಮ ಇನ್ನೇನು ಬಂದುಬಿಡ್ತಾರೆ. ಬೇಸನ್ ನೋಡಿದ್ರೆ ತುಂಬಿದ ಹಾಗೇ ಇದೆ. ಬೆಳಗಿಂದ ಎಷ್ಟು ಬಿಡಿಸಿದೀರಾ?

ಗಂಡ: ಎಷ್ಟು ಅಂತ ಕೇಳಬಾರದು. ಹೇಗೆ ಅಂತ ಕೇಳಬೇಕು.

ಹೆಂಡತಿ: ಸರಿ. ಹೇಗೆ?

ಗಂಡ: ನಿಧಾನವಾಗಿ.

ಹೆಂಡತಿ: ಅಯ್ಯೋ ನನ್ನ ಕರ್ಮವೇ! ಇಷ್ಟು ಸಣ್ಣ ಮೀನಿಗೆ ಯಾರಾದ್ರೂ ಮುಳ್ಳು ಬಿಡಿಸ್ತಾರಾ? ಚೆನ್ನಾಗಿ ಹುರಿದರೆ ಎಲ್ಲ ಗರಿಗರಿಯಾಗಿ ಪುಡಿಯಾಗುತ್ತೆ.

ಗಂಡ: ಹೋದ ಸಲಾನೂ ಹೀಗೇ ಅಂದಿದ್ದೆ. ಪುಡಿಯಾಗದೆ ಇದ್ದದ್ದು ಒಂದೇ ಒಂದು. ಅದು ನನ್ನ ಮಾನ ಕಳೀತು. ನಿಮ್ಮ ಚಿಕ್ಕಪ್ಪನ ಮಗಳ ಮದುವೇಲಿ ಒಬ್ಬರು ಬಂದು, "ಅತ್ತೆಗೆ ಮೀನು ಹಾಕಿದವರು ನೀವೇನಾ?" ಅಂತ ಕೈ ಕುಲುಕಿದ್ರು.

ಹೆಂಡತಿ: ಬೈದರಾ?

ಗಂಡ: ಇಲ್ಲ, ಎಲ್ಲಿ ಸಿಗುತ್ತೆ ಆ ಮೀನು ಅಂತ ಕೇಳಿದ್ರು.

(ಹೆಂಡತಿಗೆ ನಗು ಬಂತು. ತಕ್ಷಣ ಒಲೆಯ ಕಡೆ ತಿರುಗಿ ಕೋಪದ ಮುಖ ಹಾಕಿಕೊಂಡಳು.)

ಗಂಡ: ಬಾ ಇಲ್ಲಿ, ನೋಡು. ಬೆನ್ನ ಮೇಲೆ ಎರಡು ರೆಕ್ಕೆ! ಮುಂದಿಂದು ಪುಟಾಣಿ, ಹಿಂದಿಂದು ಸ್ವಲ್ಪ ದೊಡ್ಡದು. ಈ ಬೆಳ್ಳಿ ಗೆರೆ ನೋಡು, ಪಾಲಿಶ್ ಹಾಕಿದ ಹಾಗಿದೆ. ಎಂಥಾ ಕೆಲಸ! ಯಾವ ಕಂಪನಿಯವರು ಮಾಡ್ತಾರೆ ಇಷ್ಟು ನೀಟಾಗಿ?

ಹೆಂಡತಿ: ನನ್ನ ಮುಖಾನ ಇಷ್ಟು ಹತ್ತಿರದಿಂದ ಯಾವತ್ತಾದ್ರೂ ನೋಡಿದೀರಾ?

ಗಂಡ: ನೀನು ರಿಪೇರಿಗೆ ಬಂದಿಲ್ವಲ್ಲ.

ಹೆಂಡತಿ: ಬರೋ ಹಾಗೆ ಮಾಡ್ತಿದೀರಾ ಈಗ.

ಗಂಡ: ಸುಮ್ನಿರು, ಸುಮ್ನಿರು. ಒಂದು ಎಡವಟ್ಟಾಗಿದೆ.

ಹೆಂಡತಿ: ಏನ್ರೀ?

ಗಂಡ: ಈ ಮೀನಿಂದ ತೆಗೆದ ಮುಳ್ಳಲ್ಲಿ ಬಲಗಡೆ ಪಕ್ಕೆಲುಬು ಎಲ್ಲ ಇದೆ. ಎಡಗಡೆ ಒಂದು ಕಮ್ಮಿ.

ಹೆಂಡತಿ: ಹುಟ್ಟಿದ್ದೇ ಹಾಗಿರಬೇಕು.

ಗಂಡ: ಅದೆಲ್ಲ ಆಗಲ್ಲ. ಎರಡೂ ಕಡೆ ಸಮ ಇರಲೇಬೇಕು. ಒಂದು ಮಾಂಸದೊಳಗೇ ಉಳಿದಿದೆ. ಎಲ್ಲಿ ಅಂತ ಗೊತ್ತಾಗೋವರೆಗೆ ಬಿಡಿಸಿದ್ದನ್ನೆಲ್ಲ ಇನ್ನೊಂದು ಸಲ ಹುಡುಕಬೇಕು.

ಹೆಂಡತಿ: ಬಿಡಿಸಿದ್ದು ಇರೋದೇ ಒಂದು ಚಮಚ! ಇನ್ನೊಂದು ಸಲ ಹುಡುಕಿದ್ರೆ ಅದೂ ಇರಲ್ಲ!

ಗಂಡ: ಅಂಗಡೀಲಿ ಒಂದು ಸ್ಕ್ರೂ ಕಾಣದೆ ಹೋದರೆ ನಾನು ನೆಲ ಗುಡಿಸಿ, ಗುಡಿಸಿದ ಕಸವನ್ನ ಜಾಲಿಸಿ, ಬಂದ ಗಿರಾಕಿಯ ಚಪ್ಪಲಿ ತಿರುಗಿಸಿ ನೋಡ್ತೀನಿ. ಇದು ಅತ್ತೆ ಗಂಟಲ ವಿಷಯ.

(ಬಿಳಿ ಬಟ್ಟೆಯ ಮೇಲೆ ಹುಡುಕಿದ. ಬೇಸನ್ನಿನ ಅಡಿಯಲ್ಲಿ ಹುಡುಕಿದ. ಹೆಂಡತಿಯ ಸೆರಗು ಹಿಡಿದು ನೋಡಲು ಹೋಗಿ ಕೈಮೇಲೆ ಏಟು ತಿಂದ.)

ಹೆಂಡತಿ: ಅಲ್ಲಾಡಬೇಡಿ. ಸಿಕ್ತು.

ಗಂಡ: ಎಲ್ಲಿ?

ಹೆಂಡತಿ: ನಿಮ್ಮ ಮೀಸೇಲಿ.

ಗಂಡ: ಅಬ್ಬಾ! ಉಸಿರು ಬಿಡಬೇಡ, ಹಾರಿಹೋಗುತ್ತೆ. ಮೆಲ್ಲಗೆ ತೆಗಿ.

ಹೆಂಡತಿ: ಮೀಸೆ ಸಮೇತ ಕಿತ್ತುಬಿಡ್ತೀನಿ ನೋಡಿ! ಬಿಡಿಸಿದ್ದೆಲ್ಲಿ ಇಟ್ಟಿದೀರಾ? ಅದನ್ನಾದ್ರೂ ಅಮ್ಮನ ತಟ್ಟೆಗೆ ಅಂತ ಹುರೀತೀನಿ.

(ಬಿಡಿಸಿದ ಮೀನು ಧೂಳು ಕೂರಬಾರದೆಂದು ಬೋರಲು ಹಾಕಿದ ಗಾಜಿನ ಲೋಟದ ಕೆಳಗೆ ಇತ್ತು. ಹೆಂಡತಿ ಲೋಟ ಎತ್ತಿ ಬಗ್ಗಿ ನೋಡಿದಳು. ಮೂಸಿದಳು. ಮತ್ತೆ ನೋಡಿದಳು.)

ಹೆಂಡತಿ: ಇದೇನ್ರೀ ಹೀಗೆ ಹೊಳೀತಿದೆ?

ಗಂಡ: ಬೆಳ್ಳಿಗೆರೆ.

ಹೆಂಡತಿ: ಬೆಳ್ಳಿಗೆರೆ ಚರ್ಮದಲ್ಲಿತ್ತು. ಚರ್ಮ ನೀವು ಆ ಕಡೆ ಸಾಲಾಗಿ ಜೋಡಿಸಿ ಇಟ್ಟಿದೀರಾ. ಇದು ಬರೀ ಮಾಂಸ.

ಗಂಡ: ಹಾಗಾದ್ರೆ ಎಣ್ಣೆ ಇರಬೇಕು.

ಹೆಂಡತಿ: ಯಾವ ಎಣ್ಣೆ? ನಾನಿನ್ನೂ ಎಣ್ಣೆ ಡಬ್ಬಿ ಮುಚ್ಚಳಾನೇ ತೆಗೆದಿಲ್ಲ.

(ಗಂಡ ಭೂತಗನ್ನಡಿಯನ್ನು ಕಣ್ಣಿನ ಮೇಲೆ ಇನ್ನಷ್ಟು ಒತ್ತಿಕೊಂಡ. ಅದರ ಹಿಂದೆ ಅಡಗಿಕೊಳ್ಳಲು ಜಾಗವಿರಲಿಲ್ಲ.)

ಗಂಡ: ಕೈ ಅಭ್ಯಾಸ ಕಣೇ. ಬಿಚ್ಚಿ, ಕ್ಲೀನ್ ಮಾಡಿ ಇಟ್ಟ ಮೇಲೆ ಒಂದೊಂದು ಹನಿ ಬಿಡೋದು. ನನಗೇ ಗೊತ್ತಾಗಲಿಲ್ಲ.

ಹೆಂಡತಿ: ವಾಚಿನೆಣ್ಣೆ ಬಿಟ್ರಾ? ನಮ್ಮಮ್ಮ ತಿನ್ನೋ ಮೀನಿಗೆ?

ಗಂಡ: ಒಳ್ಳೇ ಎಣ್ಣೇನೇ. ವರ್ಷಗಟ್ಟಲೆ ಸಲೀಸಾಗಿ ಓಡುತ್ತೆ.

ಹೆಂಡತಿ: ಏನು ಓಡುತ್ತೆ? ಅಮ್ಮಾನಾ?

ಗಂಡ: ಇನ್ನೂ ನೂರು ವರ್ಷ ಓಡಲಿ ಅಂತಾನೇ ಅಲ್ವಾ ನಮ್ಮಿಬ್ಬರ ಆಸೆ?

ಹೆಂಡತಿ: ಮಾತಾಡಬೇಡಿ! ಒಂದು ಅಕ್ಷರ ಮಾತಾಡಬೇಡಿ! ಒಂದು ವರ್ಷದಿಂದ ಅಮ್ಮ ನನ್ನ ಕೈಯಲ್ಲಿ ಒಂದು ತುತ್ತು ತಿಂದಿಲ್ಲ. ಇವತ್ತಾದ್ರೂ ತಿಂತಾರಲ್ಲ ಅಂತ ಬೆಳಗಿಂದ ಕುಣೀತಿದ್ದೆ.

(ಬಾಗಿಲು ಬಡಿದ ಸದ್ದು. ಇಬ್ಬರೂ ಮುಖ ಮುಖ ನೋಡಿಕೊಂಡರು. ವಾಚಿನೆಣ್ಣೆಯ ಮೀನು ಸೀದಾ ಕಸದ ಡಬ್ಬಿ ಸೇರಿತು.)

ಹೆಂಡತಿ: ಹೋಗಿ ಬಾಗಿಲು ತೆಗೀರಿ. ನಾನು ಇಡೀ ಮೀನನ್ನೇ ಹುರೀತೀನಿ. ಆಗಿದ್ದಾಗಲಿ.

(ಗಂಡ ಓಡಿದ. ಗಾಬರಿಯಲ್ಲಿ ಕಣ್ಣಿನ ಭೂತಗನ್ನಡಿ ತೆಗೆಯುವುದನ್ನೇ ಮರೆತ. ಇನ್ನೊಂದು ಕಣ್ಣು ಅಭ್ಯಾಸದಂತೆ ಮುಚ್ಚಿಯೇ ಇತ್ತು. ಬಾಗಿಲು ತೆಗೆದರೆ ಎದುರಿಗೆ ಮಸುಕು ಮಸುಕಾಗಿ ಒಂದು ಆಕಾರ, ಕೈಯಲ್ಲೊಂದು ಚೀಲ.)

ಗಂಡ: ಇವತ್ತು ರಜೆ. ನಾಳೆ ಬನ್ನಿ.

ಅತ್ತೆ: ಸರಿ ಅಳಿಯಂದ್ರೇ. ಹೋಗ್ತೀನಿ.

ಗಂಡ: ಅಯ್ಯಯ್ಯೋ ಅತ್ತೆ! ನೀವಾ! ಬನ್ನಿ, ಬನ್ನಿ! ಗಿರಾಕಿ ಅಂದ್ಕೊಂಡೆ.

ಅತ್ತೆ: ನಾನು ಬಂದರೆ ಒಂದು ಕಣ್ಣು ಮುಚ್ತೀರಾ, ಇನ್ನೊಂದಕ್ಕೆ ಬಿರಡೆ ಹಾಕ್ತೀರಾ. ಅಷ್ಟು ಬೇಡವಾಗಿದ್ರೆ ಬಾಯಲ್ಲೇ ಹೇಳಬಹುದಿತ್ತಲ್ಲ.

ಹೆಂಡತಿ: (ಒಳಗಿನಿಂದ) ಅಮ್ಮಾ, ಅವರ ಮಾತು ಕಿವಿಗೆ ಹಾಕ್ಕೋಬೇಡ! ಬಾ, ತಟ್ಟೆ ಹಾಕಿದೀನಿ!

(ಅತ್ತೆ ಬಂದು ಮೇಜಿನ ಮುಂದೆ ಕೂತರು. ಬೆನ್ನು ನೆಟ್ಟಗೆ, ತುಟಿ ಬಿಗಿ. ತಟ್ಟೆಗೆ ಬಿಸಿ ಬಿಸಿ ಮೀನು ಬಿತ್ತು. ಕೆಂಪಗೆ ಹುರಿದಿತ್ತು, ಘಮ್ಮೆನ್ನುತ್ತಿತ್ತು. ಅತ್ತೆಯ ಮೂಗು ಒಮ್ಮೆ ಅರಳಿತು. ಮುಖ ಮಾತ್ರ ಪಟ್ಟು ಬಿಡಲಿಲ್ಲ.)

ಅತ್ತೆ: ಅಳಿಯಂದ್ರೇ, ಯಾಕೆ ನನ್ನ ಬೆನ್ನ ಹಿಂದೆ ನಿಂತಿದೀರಾ?

ಗಂಡ: ಮುಂದೆ ನಿಂತ್ರೆ ಬೆಳಕಿಗೆ ಅಡ್ಡ ಆಗುತ್ತೆ, ಅತ್ತೆ.

ಅತ್ತೆ: ಕೈಯಲ್ಲೇನದು?

ಗಂಡ: ಚಿಮುಟ. ಸುಮ್ನೆ, ಮುಂಜಾಗ್ರತೆಗೆ.

ಹೆಂಡತಿ: ರೀ! ಬಂದು ಕೂತ್ಕೊಳ್ಳಿ!

(ಅತ್ತೆ ಒಂದು ಮೀನನ್ನು ಬಾಲ ಹಿಡಿದು ಎತ್ತಿದರು. ಬಾಯಿಯ ಹತ್ತಿರ ತಂದರು. ಗಂಡನಿಗೆ ತಡೆಯಲಾಗಲಿಲ್ಲ.)

ಗಂಡ: ಅತ್ತೇ, ನಿಲ್ಲಿಸಿ! ಅದರಲ್ಲಿ ಮುಳ್ಳಿದೆ! ಮುಳ್ಳು ತೆಗೆದದ್ದೂ ಇತ್ತು, ಅದಕ್ಕೆ ವಾಚಿನೆಣ್ಣೆ ಬಿಟ್ಟು ಹಾಳು ಮಾಡಿದೆ. ತಪ್ಪು ನನ್ನದು, ಅವಳದ್ದಲ್ಲ. ಅವಳು ಬೇಡ ಬೇಡ ಅಂತಲೇ ಇದ್ದಳು. ನೀವು ಬಾಗಿಲಿಂದ ಹಾಗೇ ಹೋದಾಗೆಲ್ಲ ಅವಳ ಮುಖ ನೋಡಕಾಗಲ್ಲ ಅತ್ತೆ. ನನಗೂ ಸಂಕಟ ಆಗುತ್ತೆ. ಅನ್ನ ಮಾತ್ರ ತಿನ್ನಿ, ಮೀನು ಕೆಳಗಿಡಿ!

(ಅತ್ತೆ ಮೀನನ್ನು ತಟ್ಟೆಯಲ್ಲಿಟ್ಟರು. ಅಳಿಯನ ಕಡೆ ತಿರುಗಿ ಕೂತರು.)

ಅತ್ತೆ: ಹೋದ ಸಲ ಮುಳ್ಳು ಯಾಕೆ ಸಿಕ್ಕಿಕೊಳ್ತು ಗೊತ್ತಾ?

ಗಂಡ: ಗೊತ್ತು. ಅದು ಎಡಗಡೆ ಪಕ್ಕೆಲುಬಿಂದು, ತುದಿ ಸ್ವಲ್ಪ ಬಾಗಿರುತ್ತೆ, ಅದಕ್ಕೇ...

ಅತ್ತೆ: ನೋಡಿ, ಹೀಗೇ! ನಾನು ಬಾಯಿ ತುಂಬ ತುತ್ತಿಟ್ಟುಕೊಂಡಿದ್ದೆ. ನೀವು, "ಅತ್ತೆ, ನಿಮ್ಮನೆ ಗೋಡೆ ಗಡಿಯಾರ ದಿನಕ್ಕೆ ಎಷ್ಟು ನಿಮಿಷ ಹಿಂದೆ ಬೀಳುತ್ತೆ?" ಅಂತ ಕೇಳಿದ್ರಿ. ಹಿರಿಯಳು, ಕೇಳಿದ್ದಕ್ಕೆ ಉತ್ತರ ಹೇಳಬೇಡವಾ? ಬಾಯಿ ಬಿಟ್ಟೆ. ಸಿಕ್ಕಿಕೊಳ್ತು. ಮೀನೇನು ಮಾಡುತ್ತೆ ಪಾಪ.

ಹೆಂಡತಿ: ಅಮ್ಮಾ! ಮತ್ತೆ ಮೀನಿಂದ ಆಯ್ತು ಅಂತ ನೆಂಟರಿಗೆಲ್ಲ ಹೇಳ್ಕೊಂಡು ಬಂದೆಯಲ್ಲ!

ಅತ್ತೆ: ಇನ್ನೇನು ಹೇಳಲಿ? ಅಳಿಯನ ಮಾತಿಗೆ ಉಸಿರು ಕಟ್ಟಿತು ಅಂತ ಹೇಳಲಾ? ಮರ್ಯಾದೆಗೆ ಮೀನಂದೆ. ಅಂದ ಮೇಲೆ ಹಟ ಬಿಡೋಕಾಗಲಿಲ್ಲ. ನಿಮ್ಮ ಬಾಗಿಲಲ್ಲಿ ನಿಂತು ಈ ಘಮ ಕುಡಿದು ವಾಪಸ್ ಹೋಗೋದು ನನಗೇನು ಸುಖಾನಾ? ದಾರಿಯುದ್ದಕ್ಕೂ ಬಾಯಲ್ಲಿ ನೀರು. ನಿನ್ನ ಕೈ ಅಡುಗೆ ಎಷ್ಟು ನೆನೆಸಿಕೊಂಡಿದೀನಿ ಗೊತ್ತಾ? ಈಗ ನೀವು ಬಾಯಿ ಮುಚ್ಚಿ ಅಳಿಯಂದ್ರೇ, ನಾನು ಬಾಯಿ ತೆಗೀತೀನಿ.

(ತೆಗೆದರು. ತಲೆಯಿಂದ ಶುರುಮಾಡಿ ಬಾಲದವರೆಗೆ ಕರುಂ ಕುರುಂ ಎಂದು ಇಡೀ ಮೀನು ಹೋಯಿತು. ಇನ್ನೊಂದು ಹೋಯಿತು. ತಟ್ಟೆ ಖಾಲಿಯಾಗಿ ಮತ್ತೆ ತುಂಬಿತು. ಹೆಂಡತಿ ಬಡಿಸುತ್ತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಗಂಡನೂ ಚಿಮುಟ ಪಕ್ಕಕ್ಕಿಟ್ಟು ತಟ್ಟೆ ಎಳೆದುಕೊಂಡ. ಹೇಳುವುದು ಬೇಕಾದಷ್ಟಿತ್ತು. ಬಾಯಿಗೆ ಬಂದ ಒಂದೊಂದು ಮಾತನ್ನೂ ಒಂದೊಂದು ಮೀನಿನ ಜೊತೆ ನುಂಗಿದ. ಅಷ್ಟರಲ್ಲಿ ಅವನ ಕಣ್ಣು ದೊಡ್ಡದಾಯಿತು. ಒಂದು ಕೈ ಗಂಟಲಿಗೆ ಹೋಯಿತು, ಇನ್ನೊಂದು ಕೈ ತಟ್ಟೆ ತೋರಿಸಿತು.)

ಹೆಂಡತಿ: ನೋಡಮ್ಮಾ, ಎಷ್ಟು ಮಾತು ಕೇಳ್ತಾರೆ. ಮೀನು ಚೆನ್ನಾಗಿದೆ ಅಂತ ಸನ್ನೇಲಿ ಹೇಳ್ತಿದಾರೆ.

ಅತ್ತೆ: ಪರವಾಗಿಲ್ಲ. ಹೇಳಿದ್ರೆ ಕಲಿಯೋ ಸ್ವಭಾವ.

(ಗಂಡ ಎರಡೂ ಕೈ ಜೋಡಿಸಿದ.)

ಹೆಂಡತಿ: ಅಯ್ಯೋ, ಕೈ ಬೇರೆ ಮುಗೀತಿದಾರೆ! ಇರಲಿ ಬಿಡ್ರೀ, ಅಮ್ಮನ ಮುಂದೆ ನನಗೆ ನಾಚಿಕೆ ಆಗುತ್ತೆ.

ಅತ್ತೆ: ಕಣ್ಣಲ್ಲಿ ನೀರು ಬಂದಿದೆ ಕಣೇ ಅವರಿಗೆ.

ಹೆಂಡತಿ: ಮದುವೆಯಾದಾಗಿಂದ ನನ್ನ ಅಡುಗೆಗೆ ಒಂದು ಸಲಾನೂ ಅತ್ತವರಲ್ಲ.

ಅತ್ತೆ: ಮುಖ ಕೆಂಪಗಾಯ್ತು. ಈಗ ನೀಲಿ ಆಗ್ತಿದೆ... ಏ, ಇದು ಮೆಚ್ಚುಗೆ ಅಲ್ಲ ಕಣೇ! ಮುಳ್ಳು!

(ಅತ್ತೆ ಎದ್ದರು. ಒಂದು ಕೈಯಲ್ಲಿ ಅಳಿಯನ ಗಲ್ಲ ಹಿಡಿದು, ಇನ್ನೊಂದರಲ್ಲಿ ಚಿಮುಟ ಎತ್ತಿಕೊಂಡರು.)

ಅತ್ತೆ: ಬಾಯಿ ತೆಗೀರಿ. ಈಗ ತೆಗೀಬಹುದು. ಇನ್ನೂ ದೊಡ್ಡದಾಗಿ. ಮಗಳೇ, ತಲೆ ಗಟ್ಟಿ ಹಿಡಿ. ಆಂ... ಬಂತು, ಬಂತು... ಹಾಂ!

(ಚಿಮುಟದ ತುದಿಯಲ್ಲಿ ಕೂದಲಿನಂಥ ಮುಳ್ಳು. ಗಂಡ ಉದ್ದಕ್ಕೆ ಉಸಿರೆಳೆದುಕೊಂಡ. ಹೆಂಡತಿ ಅವನ ಬೆನ್ನು ಸವರಿ ನೀರು ಕುಡಿಸಿದಳು.)

ಹೆಂಡತಿ: ಪ್ರಾಣ ಹೋದ ಹಾಗಾಯ್ತು ನನಗೆ. ಅಮ್ಮ ಇಲ್ಲದಿದ್ರೆ ಏನು ಗತಿ? ರೀ, ಈಗ ಬಾಯಿ ಬಿಟ್ಟು ಅಮ್ಮನಿಗೆ ಒಂದು ಒಳ್ಳೇ ಮಾತು ಹೇಳಿ.

(ಗಂಡ ಗಂಟಲು ಸರಿಮಾಡಿಕೊಂಡ.)

ಗಂಡ: ಅತ್ತೆ, ನೀವು ಚಿಮುಟ ಹಿಡಿದ ರೀತಿ ಸರಿಯಿಲ್ಲ. ಹೆಬ್ಬೆರಳಲ್ಲಿ ಅಷ್ಟು ಒತ್ತಬಾರದು, ತುದಿ ಸೊಟ್ಟಗಾಗುತ್ತೆ.

(ಅತ್ತೆ ಅವನನ್ನೂ ನೋಡಿದರು, ಮುಳ್ಳನ್ನೂ ನೋಡಿದರು. ಮತ್ತೆ ತಮ್ಮ ಜಾಗಕ್ಕೆ ಹೋಗಿ ಕೂತು ತಟ್ಟೆ ಮುಂದಕ್ಕೆ ತಳ್ಳಿದರು.)

ಅತ್ತೆ: ಮಗಳೇ, ನನಗೆ ಇನ್ನೊಂದಿಷ್ಟು ಮೀನು ಹಾಕು. ಈ ಮುಳ್ಳು ಎಲ್ಲೂ ಎಸೀಬೇಡ, ಜೋಪಾನವಾಗಿಡು. ಊಟ ಮುಗಿಸಿ ಇದ್ದ ಜಾಗಕ್ಕೇ ವಾಪಸ್ ಇಟ್ಟುಬಿಡ್ತೀನಿ.