ಮಸಿ ಬಿಡದ ಪೌಡರು

ಗಂಭೀರವಾಗಿ ಶುರು ಮಾಡಿದ ಕೆಲಸವೇ ನಮ್ಮ ಕೈಯಲ್ಲಿ ನಗೆಪಾಟಲಾಗುವುದು. ನಾನೂ ಪಕ್ಕದ ಮನೆಯ ಅಂಕಲ್ಲೂ ಸೇರಿದರಂತೂ ಇದು ತಪ್ಪಿದ್ದಲ್ಲ.

ಅಂಕಲ್ ಹುಬ್ಬಳ್ಳಿ ಕಡೆಯವರು, ಅಮೆರಿಕದ ಷಾರ್ಲೆಟ್‌ನಲ್ಲೇ ರಿಟೈರಾದ ಇಂಜಿನಿಯರ್. ಪ್ರತಿ ಶನಿವಾರ ರೇಂಜಿಗೆ ಹೋಗಿ ರೈಫಲ್ಲಿನಿಂದ ಗುರಿ ಹೊಡೆಯುವುದೊಂದೇ ಅವರ ಚಟ. ಖಾಲಿ ತೋಟಾಗಳಿಗೆ ಮನೆಯಲ್ಲೇ ಮತ್ತೆ ಸಿಡಿಮದ್ದಿನ ಪೌಡರು ತುಂಬುತ್ತಾರೆ. ಈಚೆಗೆ ಕೈ ನಡುಗುತ್ತದೆ. ಪೌಡರು ತೂಗುವುದು ನಾನು. ಆದರೆ ಗುಂಡು ಹೊಡೆದಾಗ ನಳಿಗೆಯೊಳಗೆ ಅಂಟುವ ಮಸಿ ಉಜ್ಜಲು ಅವರಿಗೆ ಆಗದು, ನನ್ನ ಕೈಗೂ ಕೊಡರು. ಆಂಟಿ ಹೇಳಿಬಿಟ್ಟರು: "ಆಯುಧಪೂಜಿ ದಿನ ನಾ ನಳಿಗ್ಯಾಗ ಬಿಳಿ ಬಟ್ಟಿ ತೂರಿಸಿ ನೋಡ್ತೀನಿ. ಹೊಲಸಿತ್ತಂದ್ರ ಮಾರಿಬಿಡೂದು."

ಆ ರೈಫಲ್ ಹೋದರೆ ಅಂಕಲ್ಲಿಗೆ ಶನಿವಾರವೇ ಇಲ್ಲ. ನನಗೂ ಇಲ್ಲ. ಹಾಗಾಗಿ ಮಸಿ ಬಿಡದ ಪೌಡರು ಹುಡುಕಲು ಹೊರಟೆವು.

ಅಂಗಡಿ

ಆ ವರ್ಷ ಪೌಡರಿಗೆ ಬರಗಾಲ. ಕಪಾಟಿನಲ್ಲಿದ್ದುದು ಎರಡೇ ಡಬ್ಬಿ. ಎರಡರ ಮೇಲೂ ಕ್ಲೀನಾಗಿ ಉರಿಯುತ್ತದೆ ಎಂದೇ ಬರೆದಿತ್ತು.

"ಕಲ್ಲದಾವು ಅಂತ ಬರದ ಅಕ್ಕಿ ಚೀಲ ಎಲ್ಲೆರ ನೋಡೀಯೇನು?" ಎಂದು ನನ್ನ ಕಿವಿಯಲ್ಲಿ ಹೇಳಿ, ಅಂಕಲ್ ಅಂಗಡಿಯವನನ್ನು ಇಂಗ್ಲಿಷಿನಲ್ಲಿ ಕೇಳಿದರು: ಯಾವುದು ಕಡಿಮೆ ಮಸಿ?

ಅವನು ಬಹಳ ಯೋಚಿಸಿದ. "ಇದು ನಿಮ್ಮ ತೋಟಾಕ್ಕೆ ಹೊಂದೋದೇ ಇಲ್ಲ. ಆದ್ದರಿಂದ ಉಳಿದ ಅದೇ ತುಂಬಾ ಕ್ಲೀನು."

ಧೋತರ

ಅದನ್ನು ಕೊಂಡು, ರಾಲಿ ಪಟ್ಟಣದವರೆಗೂ ಡ್ರೈವ್ ಮಾಡಿ ಇನ್ನೆರಡು ಬಗೆ ತಂದೆವು. ಒಂದೊಂದರಲ್ಲೂ ಅಷ್ಟಷ್ಟು ಗುಂಡು ಹೊಡೆದು, ನಳಿಗೆಯೊಳಗೆ ಬಿಳಿ ಬಟ್ಟೆ ತೂರಿಸಿ, ಅಂಟಿದ ಮಸಿ ನೋಡುವುದು ಅಂಕಲ್ ಅವರ ವಿಧಾನ. ಬಟ್ಟೆಗಾಗಿ ತಮ್ಮ ಹಳೇ ಧೋತರವನ್ನೇ ಕತ್ತರಿಸಿದ್ದರು.

ಊಟದ ಮೇಜಿನ ಮೇಲೆ ಚೂರುಗಳನ್ನು ಸಾಲಾಗಿ ಹರಡಿದ್ದಾಗ ಆಂಟಿ ಬಂದರು. ಒಂದು ಚೂರಿನಲ್ಲಿ ಜರಿಯ ಅಂಚು ಕಂಡಿತು.

"ಮದಿವ್ಯಾಗ ನಮ್ಮಪ್ಪ ಕೊಟ್ಟ ಧೋತರ. ನಲವತ್ತು ವರ್ಷ ಬೆಳ್ಳಗ ಒಗದೀನಿ ನಾ."

ನಾನು ತಲೆ ತಗ್ಗಿಸಿದೆ. ಅಂಕಲ್ ತಗ್ಗಿಸಲಿಲ್ಲ. "ಅದಕ್ಕ ನೋಡು, ರಿಸಲ್ಟ್ ಇಷ್ಟ್ ಕ್ಲಿಯರ್ ಬಂದೈತಿ."

ಪೂಜೆ

ಮೂರನೆಯ ಪೌಡರು ಗೆದ್ದಿತು. ರೇಂಜಿನಿಂದ ಬಂದಮೇಲೆ ಎರಡು ಸಲ ಬಟ್ಟೆ ಎಳೆದರೆ ಸಾಕು, ನಡುಗುವ ಕೈಗೂ ಆಗುವ ಕೆಲಸ.

ಪೂಜೆಯ ಬೆಳಿಗ್ಗೆ ಆಂಟಿ ತಾವೇ ನಳಿಗೆಯೊಳಗೆ ಬಟ್ಟೆ ತೂರಿಸಿದರು. ನನಗೆ ನಿಜವಾಗಿ ಹೆದರಿಕೆಯಾಯಿತು. ಬಟ್ಟೆ ಹೋದ ಹಾಗೇ ಬೆಳ್ಳಗೆ ಹೊರಬಂತು.

ಆಂಟಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಇಷ್ಟ್ ಬೆಳ್ಳಗ ಐತಿ ಅಂದ್ರ ಧೋತರ ಹರದ ಮ್ಯಾಲ ನೀವು ಇದನ್ನ ಮುಟ್ಟೇ ಇಲ್ಲ. ಉಪಯೋಗಿಸದ ವಸ್ತು ಮನ್ಯಾಗ ಯಾಕ? ಮತ್ತ ಶನಿವಾರ ಇಬ್ರೂ ಎಲ್ಲಿ ಹೋಗ್ತೀರಿ?"

ನಾವಿಬ್ಬರೂ ಎಷ್ಟು ಆಣೆ ಇಟ್ಟರೂ ನಂಬಲಿಲ್ಲ. ರೈಫಲ್ಲಿಗೆ ಕುಂಕುಮ ಹಚ್ಚಿ, "ದೀಪಾವಳಿಗೆ ಮತ್ತ ನೋಡ್ತೀನಿ. ಆಗೂ ಹಿಂಗ ಬೆಳ್ಳಗ ಇತ್ತಂದ್ರ ಮಾರೂದು" ಎಂದರು.

ಮರುದಿನ ನಮ್ಮೂರ ಅಂಗಡಿಗೆ ಹೋದರೆ ಆ ಮೂರನೆಯ ಪೌಡರು ಅಲ್ಲಿಗೂ ಬಂದಿತ್ತು; ನಾವು ಕೇಳುವ ಮೊದಲೇ ಅಂಗಡಿಯವನು ಅದರ ಡಬ್ಬಿ ತೆಗೆದಿಟ್ಟ. ಅಂಕಲ್ ಅದನ್ನು ಹಿಂದಕ್ಕೆ ತಳ್ಳಿದರು. "ನನ್ನ ತೋಟಾಕ್ಕೆ ಹೊಂದೋದರಲ್ಲಿ ಎಲ್ಲಕ್ಕಿಂತ ಜಾಸ್ತಿ ಮಸಿ ಬಿಡೋದು ಕೊಡಿ."

ಅವನು ನನ್ನ ಮುಖ ನೋಡಿದ. "ಮನೆಯಲ್ಲಿ ಹೆಂಡತಿ ಚೆಕ್ ಮಾಡ್ತಾರೆ" ಎಂದೆ.

ಅವನು ಕೆಳಗಿನ ಕಪಾಟು ತೆಗೆದು ಬೇರೊಂದು ಡಬ್ಬಿ ಮೇಲಿಟ್ಟು ಮೆಲ್ಲಗೆ ಹೇಳಿದ:

"ನಾನೂ ಮನೆಗೆ ಇದನ್ನೇ ಒಯ್ಯೋದು."