ಆಲ್‌ರೌಂಡರ್ ಮತ್ತು ಗೋಧಿ ಹುಗ್ಗಿ

ಮನೆಗೆ ಹೊಸ ಯಂತ್ರವೊಂದು ಬಂದಾಗ ಅದನ್ನು ಎಲ್ಲರಿಗಿಂತ ಹೆಚ್ಚು ಹೊಗಳುವವನು ಅದನ್ನು ಕೊಂಡುತಂದವನೇ. ನಾನಂತೂ ಡಬ್ಬ ಬಿಚ್ಚುವ ಮೊದಲೇ ಹೊಗಳಿಬಿಡುತ್ತೇನೆ. ಬಿಚ್ಚಿದ ಮೇಲೆ ಹೊಗಳುವ ಅವಕಾಶ ಸಿಗುತ್ತದೆಂಬ ಭರವಸೆ ಇಲ್ಲ ನೋಡಿ. ಹಾಗೆ ಹೊಗಳಿಸಿಕೊಂಡು ಬಂದ ರೊಟ್ಟಿ ಒತ್ತುವ ಯಂತ್ರ, ಸೌತೆಕಾಯಿಯನ್ನು ಸ್ಪ್ರಿಂಗಿನಂತೆ ಸುತ್ತಿ ಕತ್ತರಿಸುವ ಯಂತ್ರ, ಮೊಟ್ಟೆ ಬೇಯಿಸುವ ಯಂತ್ರ (ನಾವು ಮೊಟ್ಟೆ ತಿನ್ನುವುದಿಲ್ಲ) ಎಲ್ಲವೂ ಪರದೇಶದ ಕೆಂಡಲ್ ಪಾರ್ಕಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ನಿವೃತ್ತ ಜೀವನ ನಡೆಸುತ್ತಿವೆ. ಮೇಲಿನ ಅಡುಗೆಮನೆ ಮಾತ್ರ ನನ್ನ ಹೆಂಡತಿ ಸುನಂದಾಳ ಆಡಳಿತದಲ್ಲಿತ್ತು. ಅಲ್ಲಿ ನನಗೆ ಚಹಾ ಕಾಯಿಸುವಷ್ಟು, ಕಾಯಿಸಿದ ಮೇಲೆ ಒಲೆ ಒರೆಸುವಷ್ಟು ಅಧಿಕಾರ.

ಈ ವ್ಯವಸ್ಥೆ ಕುಸಿದದ್ದು ಹೋದ ಚಳಿಗಾಲದಲ್ಲಿ. ಹಿಮ ಬಿದ್ದು, ಅರ್ಧ ಕರಗಿ, ಮತ್ತೆ ಗಟ್ಟಿಯಾಗಿ ಮನೆಮುಂದೆ ಕಾರು ನಿಲ್ಲಿಸುವ ಡ್ರೈವ್‌ವೇ ಕನ್ನಡಿಯಾಗಿತ್ತು. ಕ್ಲಿನಿಕ್ಕಿಗೆ ಹೊರಟ ಸುನಂದಾ ಕಾರಿನ ಬಾಗಿಲು ಮುಟ್ಟುವ ಮೊದಲೇ ಜಾರಿ, ಬಲಗೈ ಊರಿ ಬಿದ್ದಳು. ಮಣಿಕಟ್ಟಿನ ಮೂಳೆ ಮುರಿದಿತ್ತು. ಒಂದೂವರೆ ತಿಂಗಳು ಪ್ಲಾಸ್ಟರ್, ಆಮೇಲೆ ವ್ಯಾಯಾಮ, ಆಮೇಲೆ ನೋಡೋಣ ಎಂದರು ಡಾಕ್ಟರು. ಸುನಂದಾ ಹಲ್ಲಿನ ಡಾಕ್ಟರು. ಅವಳ ಇಡೀ ವಿದ್ಯೆ ಇರುವುದು ಆ ಮಣಿಕಟ್ಟಿನಲ್ಲಿ. "ಆಮೇಲೆ ನೋಡೋಣ" ಎಂಬ ಮಾತನ್ನು ರೋಗಿಗಳಿಗೆ ಅವಳೂ ಎಷ್ಟೋ ಸಲ ಹೇಳಿದ್ದಳು. ಅದರ ಅರ್ಥ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮೊದಲ ವಾರ ಗಿರಿಜಾ ಆಂಟಿ ಊಟ ಕಳಿಸಿದರು. ನಮ್ಮಿಂದ ಎರಡು ಬೀದಿ ಆಚೆಗಿರುವ ಅವರು ಧಾರವಾಡದವರು, ಮೊಮ್ಮಕ್ಕಳನ್ನು ಕಂಡವರು, ಈ ಭಾಗದ ಉತ್ತರ ಕರ್ನಾಟಕದವರಿಗೆಲ್ಲ ದೊಡ್ಡಮ್ಮನಂತಿರುವವರು. ಎಷ್ಟು ದಿನ ಅವರಿಗೆ ತೊಂದರೆ ಕೊಡುವುದು, ನಾನೇ ಅಡುಗೆ ಮಾಡುತ್ತೇನೆ ಎಂದು ಘೋಷಿಸಿದೆ. ಅದಕ್ಕೆ ಅವರು ಸುನಂದಾಳ ಕಡೆ ತಿರುಗಿ, ಇನ್ನೊಂದು ಡಬ್ಬಿ ಫ್ರಿಜ್ಜಿನಲ್ಲಿಟ್ಟಿರುತ್ತೇನೆ, ಬೇಕಾದೀತು ಎಂದರು.

ಅಂದೇ ಒಂದು ಕರೆಂಟಿನ ಕುಕ್ಕರ್ ತರಿಸಿದೆ. ಸಾಮಾನ್ಯ ಕುಕ್ಕರ್ ಅಲ್ಲ. ಒಂದೇ ಪಾತ್ರೆಯಲ್ಲಿ ಅನ್ನ ಮಾಡುತ್ತದೆ, ಬೇಳೆ ಬೇಯಿಸುತ್ತದೆ, ಒಗ್ಗರಣೆ ಹಾಕುತ್ತದೆ, ಇಡ್ಲಿ ಹಬೆಯಾಡಿಸುತ್ತದೆ, ಹಾಲನ್ನು ಮೊಸರು ಮಾಡುತ್ತದೆ. ವಿಮಾನದ ಕಾಕ್‌ಪಿಟ್ಟಿನಷ್ಟು ಗುಂಡಿಗಳಿದ್ದವು. ಸುನಂದಾ ಅದನ್ನು ಒಂದು ಸುತ್ತು ನೋಡಿ "ಆಲ್‌ರೌಂಡರ್" ಎಂದು ಹೆಸರಿಟ್ಟಳು. ಅಂತರ್ಜಾಲದಲ್ಲಿ ಇದಕ್ಕೆಂದೇ ಸಾವಿರಾರು ಸುಲಭ ಅಡುಗೆಗಳಿದ್ದವು. ಎಲ್ಲದರಲ್ಲೂ ನಗುನಗುತ್ತಿರುವ ಒಬ್ಬರು ಎಲ್ಲವನ್ನೂ ಒಳಗೆ ಸುರಿದು, ಮುಚ್ಚಳ ಹಾಕಿ, ಗುಂಡಿ ಒತ್ತಿ, ಅಷ್ಟೇ ಎನ್ನುತ್ತಿದ್ದರು. ಇಷ್ಟು ಸುಲಭದ ಕೆಲಸವನ್ನು ಹೆಂಗಸರು ಇಷ್ಟು ದಿನ ಏಕೆ ಇಷ್ಟು ಕಷ್ಟಪಟ್ಟು ಮಾಡುತ್ತಿದ್ದರು ಎಂದು ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಅದೃಷ್ಟಕ್ಕೆ ಈ ಆಶ್ಚರ್ಯವನ್ನು ಬಾಯಿಬಿಟ್ಟು ಹೇಳಲಿಲ್ಲ.

ಮೊದಲ ದಿನ ಉಪ್ಪಿಟ್ಟು. ಎಲ್ಲವನ್ನೂ ಒಳಗೆ ಸುರಿದೆ, ಮುಚ್ಚಳ ಹಾಕಿದೆ, ಗುಂಡಿ ಒತ್ತಿದೆ. ತೆಗೆದಾಗ ಉಪ್ಪಿಟ್ಟು ಪಾತ್ರೆಯ ಆಕಾರದಲ್ಲೇ ಹೊರಬಂದು ತಟ್ಟೆಯ ಮೇಲೆ ನಿಂತಿತು. ಚಾಕುವಿನಿಂದ ಕತ್ತರಿಸಿ ಬಡಿಸಿದೆ. ಏಳನೇ ತರಗತಿಯಲ್ಲಿರುವ ಮಗಳು ನಿಧಿ ತನ್ನ ತುಂಡನ್ನು ಬೆರಳಿನಿಂದ ಒತ್ತಿದಳು. ಅದು ಒಳಗೆ ಹೋಗಿ ಮತ್ತೆ ಮೇಲೆ ಬಂತು. "ಅಪ್ಪಾ, ಇಟ್ಸ್ ಮೆಮೊರಿ ಫೋಮ್" ಎಂದು ಹಾಸಿಗೆಯ ಸ್ಪಂಜಿಗೆ ಹೋಲಿಸಿದಳು. ಎರಡನೇ ದಿನ ಪಲಾವ್ ಮಾಡಹೋದಾಗ ಯಂತ್ರ ಅರ್ಧಕ್ಕೆ ನಿಂತು "ಬರ್ನ್" ಎಂದು ಕೆಂಪಕ್ಷರದಲ್ಲಿ ಬರೆಯಿತು. ಅಡುಗೆ ಸೀದಿದೆ ಎಂಬುದನ್ನು ನಮ್ಮ ಮನೆಯಲ್ಲಿ ಇದುವರೆಗೆ ಮೂಗು ಹೇಳುತ್ತಿತ್ತು. ಈಗ ಲಿಖಿತವಾಗಿ ಬಂತು.

ಮೂರನೆಯ ದಿನದಿಂದ ಸುನಂದಾ ಅಡುಗೆಮನೆಯ ಎತ್ತರದ ಸ್ಟೂಲಿನ ಮೇಲೆ ಪ್ಲಾಸ್ಟರ್ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಳು. ಮೊದಲು ಒಗ್ಗರಣೆ, ಆಮೇಲೆ ನೀರು, ತಳಕ್ಕೆ ಅಂಟಿದ್ದನ್ನು ಕೆರೆದು ಬಿಡಿಸಿ ಆಮೇಲೆ ಮುಚ್ಚಳ ಎಂದು ಹೇಳಿಕೊಟ್ಟಳು. ತೊಗರಿಬೇಳೆ, ಟೊಮ್ಯಾಟೊ, ಅರಿಶಿನ, ಇಂಗು, ಬೆಳ್ಳುಳ್ಳಿ. ಅಷ್ಟೇ ಹಾಕಿ ಮಾಡಿದ ಬೇಳೆಸಾರು ಘಮಘಮ ಎಂದಿತು. ನಿಧಿ ಎರಡನೇ ಸಲ ಬಡಿಸಿಕೊಂಡಳು. ಅಲ್ಲಿಂದ ನನ್ನನ್ನು ಹಿಡಿಯುವವರಿಲ್ಲ. ದಿನಕ್ಕೊಂದು ಸಾರು, ಹುಳಿ, ಕಾಳಿನ ಪಲ್ಯ ಮಾಡಿ, ಕೊತ್ತಂಬರಿ ಉದುರಿಸಿ, ಫೋಟೋ ತೆಗೆದು ಇಲ್ಲಿನ ಕನ್ನಡದವರ ವಾಟ್ಸಾಪ್ ಗುಂಪಿಗೆ ಹಾಕತೊಡಗಿದೆ. ಸ್ಟೂಲು ಮತ್ತು ಅದರ ಮೇಲೆ ಕೂತವಳು ಫೋಟೋದಲ್ಲಿ ಬರುತ್ತಿರಲಿಲ್ಲ.

ಕೆಲವೇ ದಿನಗಳಲ್ಲಿ ನಾನು ತಜ್ಞನಾದೆ. ಹೋಬೋಕನ್ನಿನಲ್ಲಿ ಒಬ್ಬನೇ ಇರುವ ಮೈಸೂರಿನ ಹುಡುಗ ವಿನಯ್ ಆಫೀಸಿನಿಂದಲೇ ಫೋನ್ ಮಾಡಿ, ಅಂಕಲ್, ರಾಜ್ಮಾಗೆ ಎಷ್ಟು ನೀರು ಎನ್ನುತ್ತಿದ್ದ. ನಾನು ಜನ್ಮದಲ್ಲಿ ರಾಜ್ಮಾ ಮಾಡಿದವನಲ್ಲ. ಆದರೂ ಕೆಲಸದ ಮೀಟಿಂಗಿನಲ್ಲಿ ಮ್ಯೂಟ್ ಹಾಕಿಕೊಂಡು, ಒಂದು ಕ್ಷಣ ಕಣ್ಣು ಮುಚ್ಚಿ ಯೋಚಿಸಿದವನಂತೆ ನಟಿಸಿ (ಫೋನಿನಲ್ಲಿ ಅವನಿಗೆ ನನ್ನ ಕಣ್ಣು ಕಾಣುತ್ತಿರಲಿಲ್ಲ ಎಂಬುದು ಬೇರೆ ಮಾತು), ಬೆರಳಿನ ಒಂದು ಗೆರೆಯಷ್ಟು ಮೇಲೆ ಇರಲಿ ಎನ್ನುತ್ತಿದ್ದೆ.

ಈ ಸಂಭ್ರಮದ ನಡುವೆ ಒಂದು ಮಧ್ಯಾಹ್ನ ನಾನು ಆಫೀಸಿನ ಕೆಲಸ ಮಾಡುವ ಮಹಡಿಯ ಕೋಣೆಯಿಂದ ಕೆಳಗಿಳಿದು ಬಂದಾಗ ಸುನಂದಾ ಒಬ್ಬಳೇ ಊಟದ ಮೇಜಿಗೆ ಕೂತಿದ್ದಳು. ಪ್ಲಾಸ್ಟರಿನಿಂದ ಇಣುಕುತ್ತಿದ್ದ ಬೆರಳುಗಳ ನಡುವೆ ಒಂದು ಚಮಚ ಹಿಡಿದು ತಿರುಗಿಸಲು ನೋಡುತ್ತಿದ್ದಳು. ಚಮಚ ಜಾರಿ ಬಿತ್ತು. ನನ್ನನ್ನು ನೋಡಿ ಅದನ್ನು ಎತ್ತಿಟ್ಟು, ಚಹಾ ಕುಡಿಯೋಣೇನು ಎಂದಳು. ಅವಳು ಬಿದ್ದ ದಿನದಿಂದ ಒಮ್ಮೆಯೂ ಮನಸ್ಸು ಬಿಚ್ಚಿ ನಕ್ಕಿಲ್ಲ ಎಂಬುದು ಆಗ ನನ್ನ ಲಕ್ಷ್ಯಕ್ಕೆ ಬಂತು. ಮನೆಗೆ ನಾಲ್ಕು ಜನ ಬಂದರೆ ಸರಿಹೋದಾಳು ಎಂದುಕೊಂಡು ಶನಿವಾರದ ಊಟಕ್ಕೆ ಗಿರಿಜಾ ಆಂಟಿ, ಅವರ ಯಜಮಾನರು, ವಿನಯ್ ಮೂವರನ್ನು ಕರೆದೆ. ಅವಳಿಗಾಗಿಯೇ ಕರೆದೆ ಎಂದರೆ ಪೂರ್ತಿ ನಿಜವಾಗದು. ನನ್ನ ಹುಳಿಯ ಫೋಟೋ ನೋಡಿದವರು ಹುಳಿಯನ್ನೂ ನೋಡಲಿ ಎಂಬ ಆಸೆ ಇತ್ತು.

ಅನ್ನ, ಬದನೆಕಾಯಿ ಹುಳಿ, ಹೆಸರುಕಾಳು ಪಲ್ಯ, ಕೊನೆಗೆ ನಮ್ಮ ಕಡೆಯ ಗೋಧಿ ಹುಗ್ಗಿ: ಕುಟ್ಟಿದ ಗೋಧಿ, ಬೆಲ್ಲ, ಕೊಬ್ಬರಿ, ಗಸಗಸೆ, ಏಲಕ್ಕಿ, ತುಪ್ಪ. ಒಂದಾದರೂ ಗ್ಯಾಸಿನ ಮೇಲೆ ಮಾಡ್ರಿ ಎಂದಳು ಸುನಂದಾ. ನಾನು ಕೇಳಲಿಲ್ಲ. ಎಲ್ಲವೂ ಆಲ್‌ರೌಂಡರಿನಲ್ಲೇ ಆಗಬೇಕು, ಇಲ್ಲದಿದ್ದರೆ ಆ ಹೆಸರಿಗೆ ಏನರ್ಥ. ಬೆಳಗಿನಿಂದ ಒಂದಾದ ಮೇಲೊಂದು ಮಾಡಿ, ಪಾತ್ರೆ ತೊಳೆದು, ಮತ್ತೆ ಮಾಡಿ, ಹುಗ್ಗಿಯ ಮುಚ್ಚಳ ಹಾಕಿ, ನ್ಯೂ ಬ್ರನ್ಸ್‌ವಿಕ್ ಸ್ಟೇಷನ್ನಿಗೆ ರೈಲಿನಲ್ಲಿ ಬಂದ ವಿನಯನನ್ನು ಕರೆತಂದೆ.

ಊಟ ಬಹಳ ಚೆನ್ನಾಗಿ ನಡೆಯಿತು. ಹುಳಿಗೆ ಗಿರಿಜಾ ಆಂಟಿ ತಲೆಯಾಡಿಸಿದರು. ಅವರ ಯಜಮಾನರಾದ ಅಂಕಲ್ ಪಲ್ಯವನ್ನು ಮತ್ತೆ ಹಾಕಿಸಿಕೊಂಡರು. ಆಮೇಲೆ ನಾನೇ ತುಪ್ಪ ಸುರಿದು ಹುಗ್ಗಿ ಬಡಿಸಿದೆ. ಎಲ್ಲರೂ ಮೊದಲ ತುತ್ತು ಬಾಯಿಗಿಟ್ಟರು. ಎಲ್ಲರ ಚಮಚವೂ ಬಟ್ಟಲಲ್ಲೇ ನಿಂತಿತು. ರುಚಿಗೆ ಮೂಕರಾದರು ಎಂದುಕೊಂಡು ನಾನೂ ಒಂದು ಚಮಚ ತಿಂದೆ. ಬೆಲ್ಲವಿತ್ತು, ತುಪ್ಪವಿತ್ತು, ಏಲಕ್ಕಿಯಿತ್ತು. ಇವೆಲ್ಲವನ್ನೂ ಪಕ್ಕಕ್ಕೆ ಸರಿಸಿ ಮುಂದೆ ಬಂದು ನಿಂತಿತ್ತು ಇಂಗು.

"ಅಂಕಲ್, ನಿಮ್ ಕಡೆ ಸ್ವೀಟಿಗೂ ಒಗ್ಗರಣೆ ಹಾಕ್ತಾರಾ?" ಎಂದು ವಿನಯ್ ಕೇಳಿದ. ಪಾಪ, ಅವನಿಗೆ ಹುಗ್ಗಿ ಹೊಸದು, ತಿಳಿದುಕೊಳ್ಳಲೆಂದೇ ಕೇಳಿದ್ದ. ಗಿರಿಜಾ ಆಂಟಿ ಇನ್ನೊಂದು ಚಮಚ ತಿಂದು, ಸ್ವಲ್ಪ ಹೊತ್ತು ಗೋಡೆ ನೋಡಿ, "ಶಿವಾನಂದ, ಇದಕ್ಕ ಇಂಗು ಹಾಕೀಯೇನಪಾ?" ಎಂದರು.

ನಾನು ಇನ್ನಷ್ಟು ತುಪ್ಪ ಬಡಿಸಲು ಎದ್ದೆ. ಆಗ ಸುನಂದಾ ಶಾಂತವಾಗಿ, "ಅದು ನಮ್ಮ ಅತ್ತಿಯವರ ಪದ್ಧತಿ ರೀ ಆಂಟಿ. ಗೋಧಿ ಜಡ ಅಲ್ಲೇನ್ರಿ, ಅರಗಲಿ ಅಂತ ಚೂರು ಇಂಗು ಹಾಕತಾರ" ಎಂದಳು.

ಗದಗಿನಲ್ಲಿರುವ ನನ್ನ ಅವ್ವ ಹುಗ್ಗಿಯ ವಿಷಯದಲ್ಲಿ ಏಲಕ್ಕಿ ಒಂದು ಹೆಚ್ಚಾದರೂ ಸಹಿಸದವಳು. ಈ ಮಾತು ಅವಳ ಕಿವಿಗೆ ಇನ್ನೂ ಬಿದ್ದಿಲ್ಲ, ಓದುಗರೂ ಹೇಳಬಾರದು. ಆದರೆ ಆ ಕ್ಷಣಕ್ಕೆ ಮಾತು ಕೆಲಸ ಮಾಡಿತು. ಹೌದು, ಹಳಬರು ಎಲ್ಲಕ್ಕೂ ಕಾರಣ ಇಟ್ಟೇ ಮಾಡುತ್ತಿದ್ದರು ಎಂದು ಅಂಕಲ್ ಒಪ್ಪಿದರು. ಎಲ್ಲರ ಬಟ್ಟಲೂ ಖಾಲಿಯಾಯಿತು. ಗಿರಿಜಾ ಆಂಟಿ ಹೊರಡುವಾಗ ಎಷ್ಟು ಗೋಧಿಗೆ ಎಷ್ಟು ಇಂಗು ಎಂದು ಕೇಳಿದರು. ನಾನು, ತಜ್ಞನಲ್ಲವೆ, ಚಿಟಿಕೆ ಸಾಕು ಎಂದೆ.

ವಿನಯನನ್ನು ಸ್ಟೇಷನ್ನಿಗೆ ಬಿಟ್ಟು ಬಂದಾಗ ಸುನಂದಾ ಅಡುಗೆಮನೆಯಲ್ಲಿ ಎಡಗೈಯಲ್ಲಿ ಮುಚ್ಚಳ ಹಿಡಿದು ನಿಂತಿದ್ದಳು. ಒಳಗಿನ ರಬ್ಬರ್ ಬಳೆಯನ್ನು ನನ್ನ ಮೂಗಿನ ಹತ್ತಿರ ತಂದು "ಮೂಸಿ ನೋಡ್ರಿ" ಎಂದಳು. ಮೂಸಿದೆ. ಇಷ್ಟು ದಿನದ ಸಾರು, ಹುಳಿ, ಪಲ್ಯ ಎಲ್ಲದರ ಇಂಗು ಬೆಳ್ಳುಳ್ಳಿ ಅಲ್ಲಿ ಮನೆ ಮಾಡಿಕೊಂಡಿದ್ದವು. ಪಾತ್ರೆಯನ್ನು ದಿನವೂ ತೊಳೆದಿದ್ದೆ; ರಬ್ಬರನ್ನು ಬಿಚ್ಚಿ ತೊಳೆಯಬೇಕೆಂದು ನಗುಮುಖದವರು ಯಾರೂ ಹೇಳಿರಲಿಲ್ಲ. ಅಥವಾ ಹೇಳಿದ್ದರೋ, ನಾನು ಅಷ್ಟರಲ್ಲಿ ಗುಂಡಿ ಒತ್ತಿದ್ದೆನೋ. ನನ್ನ ಮುಖ ನೋಡಿ ಸುನಂದಾಳಿಗೆ ನಗು ಶುರುವಾಯಿತು. ಸ್ಟೂಲಿನ ಮೇಲೆ ಕೂತು, ಪ್ಲಾಸ್ಟರನ್ನು ಹೊಟ್ಟೆಗೆ ಒತ್ತಿಕೊಂಡು, ಅತ್ತಿಯವರು ಕ್ಷಮಿಸಲಿ ಎನ್ನುತ್ತ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸದ್ದು ಕೇಳಿ ನಿಧಿ ಓಡಿಬಂದಳು. ವಿಷಯ ಗೊತ್ತಿಲ್ಲದೆ ಅವಳೂ ನಕ್ಕಳು. ಆ ಹೊತ್ತಿಗೆ ನನಗೆ ಹುಗ್ಗಿ ಕೆಟ್ಟದ್ದಕ್ಕೆ ಬೇಸರವೇ ಆಗಲಿಲ್ಲ.

ಪ್ಲಾಸ್ಟರ್ ಬಿಚ್ಚಿದರು. ಬಿಗಿದ ಬೆರಳುಗಳು ಮೆತ್ತನೆಯ ಚೆಂಡು ಹಿಸುಕಿ ಹಿಸುಕಿ ಮೆಲ್ಲಗೆ ದಾರಿಗೆ ಬಂದವು. ಮೊದಲ ದಿನ ಕ್ಲಿನಿಕ್ಕಿನಿಂದ ಬಂದವಳು, ಒಂದು ದವಡೆಹಲ್ಲು ಕಿತ್ತೆ ಎಂದು ಪದಕ ಗೆದ್ದವಳಂತೆ ಹೇಳಿದಳು. ಅಡುಗೆಯನ್ನು ಈಗ ಹಂಚಿಕೊಂಡಿದ್ದೇವೆ. ಸಿಹಿಗೊಂದು, ಖಾರಕ್ಕೊಂದು ಎಂದು ಎರಡು ರಬ್ಬರ್ ಇಟ್ಟಿದ್ದೇವೆ.

ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಯುಗಾದಿಗೆ ಸಮರ್‌ಸೆಟ್‌ನಲ್ಲಿ ನಮ್ಮ ಕನ್ನಡದವರೆಲ್ಲ ಸೇರಿ ಊಟ. ಎಲ್ಲರೂ ಮನೆಯಿಂದ ಒಂದೊಂದು ತರುವ ಪದ್ಧತಿ. ಗಿರಿಜಾ ಆಂಟಿ ದೊಡ್ಡ ಡಬರಿ ತುಂಬ ಗೋಧಿ ಹುಗ್ಗಿ ತಂದಿದ್ದರು. ದೂರದಿಂದಲೇ ನನ್ನನ್ನು ಕಂಡು ಕೈ ಮಾಡಿ ಕರೆದರು. ಇದು ಶಿವಾನಂದನ ಅವ್ವನ ಪದ್ಧತಿ, ಹೊಟ್ಟೆಗೆ ಬಹಳ ಹಿತ ಎಂದು ಸಾಲಿನಲ್ಲಿದ್ದವರಿಗೆಲ್ಲ ವಿವರಿಸುತ್ತಿದ್ದರು. ಜನ ಗೌರವದಿಂದ ಹಾಕಿಸಿಕೊಂಡು ಹೋಗುತ್ತಿದ್ದರು. ನನಗೆ ಎರಡು ಸೌಟು ಬಿತ್ತು. ಪಕ್ಕದಲ್ಲಿ ನಿಂತಿದ್ದ ಸುನಂದಾ ತನಗೆ ಅರ್ಧ ಚಮಚ ಸಾಕೆಂದಳು.

"ರುಚಿ ನೋಡಿ ಹೇಳಪಾ, ಸರಿ ಬಂದದೇನು?" ಎಂದರು ಆಂಟಿ.

ನಿಜ ಹೇಳಿ ಎಲ್ಲವನ್ನೂ ಮುಗಿಸಿಬಿಡಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಹೇಳಬೇಕೆಂದೇ ಹೊರಟೆ. ಆದರೆ ಸಾಲಿನಲ್ಲಿದ್ದವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಅಭಿಪ್ರಾಯ ಕೇಳಿಸಿಕೊಳ್ಳಲು ಇಷ್ಟು ಜನ ಕಾದು ನಿಂತದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, ನಿಧಾನವಾಗಿ ನುಂಗಿದೆ.

"ಭಾಳ ಛಲೋ ಆಗೇದ ರೀ ಆಂಟಿ," ಎಂದೆ. "ಇಂಗು ಇನ್ನೊಂದು ಚೂರು ಮುಂದ ಇರಬೇಕಾಗಿತ್ತು."